ಇಳಕಲ್ಲ ಸೀರಿ ಆ್ಯಪ್: ಫೋಟೋ ಕಳಿಸೂವಾಗ ಖರೇ ಪ್ರೋಗ್ರೆಸ್ ಬಾರ್ ಹೆಂಗ ತೋರಸೂದು?

ಹುನಗುಂದ_ಹುಡುಗ · ಬಾಗಲಕೋಟ ಜಿಲ್ಲಾ · ಸೋಮವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಇಳಕಲ್ಲ, ಕಮತಗಿ, ಸೂಳೇಭಾವಿ ಕಡೆ ಕೆಲವು ನೇಕಾರ ಮನಿಗಳಿಗಂತ ಒಂದು ವೆಬ್ ಆ್ಯಪ್ ಮಾಡೇನಿ. ಸೀರಿ ಮಗ್ಗದಿಂದ ಇಳದ ಮ್ಯಾಲ ಫೋನಿನ್ಯಾಗ ನಾಕು ಫೋಟೋ ತಗೀತಾರ: ಮೈ ಒಂದು, ದಡಿ ಒಂದು, ಸೆರಗು ಒಂದು, ಮಡಚಿಟ್ಟ ಸೀರಿ ಒಂದು. ರೇಟ್ ಬರದು ‘ಕಳಿಸು’ ಒತ್ತಿದ್ರ ಗಿರಾಕಿಗೆ ಕಾಣತೈತಿ. ಪರದೆ ಕಡೆ ರಿಯಾಕ್ಟ್, ಸರ್ವರ್ ಕಡೆ ನೋಡ್ ಮತ್ತ ಎಕ್ಸ್‌ಪ್ರೆಸ್, ನಡುವ ರಿಕ್ವೆಸ್ಟ್ ಹಿಡದು ದಾಟಿಸೂ ಎಂಜಿನ್‌ಎಕ್ಸ್. ಎಲ್ಲಾ ಒಂದ ಸಣ್ಣ ಬಾಡಿಗಿ ಸರ್ವರ್ (ವಿಪಿಎಸ್) ಮ್ಯಾಲ ನಡದೈತಿ.

ತೊಂದರಿ ಅಂದ್ರ, ಒಂದೊಂದು ಫೋಟೋ 4-5 ಎಂಬಿ ಇರತೈತಿ. ಸಂಜಿ ಹೊತ್ತಿನ್ಯಾಗ ಹಳ್ಳ್ಯಾಗ ನೆಟ್‌ವರ್ಕ್ ಬಾಳ ನಿಧಾನ. ಒತ್ತಿದ ಮ್ಯಾಲ ಪರದೆ ಮ್ಯಾಲ ಬರೇ ಒಂದು ಚಕ್ರ ತಿರಗತಿರತೈತಿ. ಹೋಗಾಕತ್ತೇತೋ ನಿಂತೇತೋ ಗೊತ್ತಾಗೂದಿಲ್ಲ. ಹಂಗಾಗಿ ಮತ್ತ ಒತ್ತತಾರ, ಮತ್ತ ಒತ್ತತಾರ. ಕಡೀಕ ಒಂದ ಸೀರಿ ಪಟ್ಟ್ಯಾಗ ಮೂರು ಸಲ ಬಂದು ಕುಂದ್ರತೈತಿ. ಗಿರಾಕಿ ‘ಮೂರೂ ನನಗ ಬೇಕು’ ಅಂತ ಫೋನ್ ಮಾಡತಾರ, ಮನ್ಯಾಗ ಇರೂದು ಒಂದ ಸೀರಿ. ನೇಕಾರರ ಮಾತಿಗೆ ಬೆಲಿ ಹೋಗತೈತಿ, ಅದು ನನಗ ಬಾಳ ಚಿಂತಿ ಆಗೇತಿ.

ಎಷ್ಟು ಹೋಗೇತಿ ಅಂತ ತೋರಸೂ ಬಾರ್ ಹಾಕಬೇಕು. ಈಗ ಕಳಿಸಾಕ ಬ್ರೌಸರಿನ ಫೆಚ್ ಬಳಸೇನಿ. ದಾರಿ ಹೇಳ್ರಿ.

ಕುಂದಾನಗರಿ_ಕೋಡರ್ · ಬೆಳಗಾವಿ · ರಾತ್ರಿ 9:52

ಎನ್‌ಪ್ರೋಗ್ರೆಸ್ ಹಾಕ್ರಿ. ಯೂಟ್ಯೂಬಿನ್ಯಾಗ ಮ್ಯಾಲ ಒಂದು ಕೆಂಪು ಗೆರಿ ಓಡತೈತಲ್ಲ, ಹಂಗ ಬರತೈತಿ. ಶುರು ಮಾಡೂವಾಗ ಸ್ಟಾರ್ಟ್, ಮುಗದ ಮ್ಯಾಲ ಡನ್. ಎರಡ ಸಾಲಿನ ಕೆಲಸ.

ಟಿಳಕವಾಡಿ_ಟರ್ಮಿನಲ್ · ಬೆಳಗಾವಿ · ರಾತ್ರಿ 10:25

ಎನ್‌ಪ್ರೋಗ್ರೆಸ್ ಒಳ್ಳೆಯ ಲೈಬ್ರರಿ. ಆದರೆ ಈ ಕೆಲಸಕ್ಕೆ ಅದು ಸರಿಹೋಗುವುದಿಲ್ಲ. ಎಷ್ಟು ಬೈಟ್ ಹೋಯಿತು ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಸ್ಟಾರ್ಟ್ ಅಂದ ಮೇಲೆ ತನ್ನಷ್ಟಕ್ಕೆ ತಾನೇ ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತದೆ, ಕೊನೆಯ ಹತ್ತಿರ ಹೋಗಿ ಕಾಯುತ್ತದೆ, ಡನ್ ಅಂದಾಗ ತುಂಬುತ್ತದೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಅಷ್ಟು ಸಾಕು. ನೆಟ್‌ವರ್ಕ್ ಪೂರ್ತಿ ಕಡಿದುಹೋದರೂ ಆ ಗೆರೆ ಸರಿಯುತ್ತಲೇ ಇರುತ್ತದೆ, ಹುನಗುಂದದವರ ತೊಂದರೆ ಇರುವುದೇ ಅಲ್ಲಿ.

ಫೆಚ್ ಕಥೆ ಹೀಗೆ: ಇಳಿಸಿಕೊಳ್ಳುವಾಗ ರೆಸ್ಪಾನ್ಸ್ ಬಾಡಿಯನ್ನು ತುಣುಕು ತುಣುಕಾಗಿ ಓದಿ ಲೆಕ್ಕ ಹಾಕಬಹುದು, ಕಳಿಸುವಾಗಿನ ಪ್ರಗತಿಯನ್ನು ಅದು ಹೇಳುವುದಿಲ್ಲ. ಅದಕ್ಕೆ ಬ್ರೌಸರಿನ ಹಳೆಯ ವಿಧಾನ ಎಕ್ಸ್‌ಎಚ್‌ಆರ್ (XMLHttpRequest) ಬೇಕು. ಅದರೊಳಗೆ ‘ಅಪ್‌ಲೋಡ್’ ಅಂತ ಬೇರೆಯದೇ ಒಂದು ಆಬ್ಜೆಕ್ಟ್ ಇದೆ, ಪ್ರೋಗ್ರೆಸ್ ಇವೆಂಟನ್ನು ಅದರ ಮೇಲೆ ಕೇಳಬೇಕು. ಬರೀ ಎಕ್ಸ್‌ಎಚ್‌ಆರ್ ಮೇಲೆ ಹಾಕಿದರೆ ಸಿಗುವುದು ಇಳಿಸಿಕೊಳ್ಳುವ ಲೆಕ್ಕ. ಇದನ್ನು ಅದಲು ಬದಲು ಮಾಡಿಕೊಂಡು ‘ಬಾರ್ ಕೊನೆಗೆ ಒಮ್ಮೆಲೇ ತುಂಬುತ್ತದೆ’ ಅನ್ನುವವರು ಬಹಳ ಜನ.

ಇವೆಂಟಿನಲ್ಲಿ ಲೋಡೆಡ್ ಮತ್ತು ಟೋಟಲ್ ಎರಡೂ ಬರುತ್ತವೆ. ಭಾಗಿಸುವ ಮೊದಲು ಲೆಂಗ್ತ್‌ಕಂಪ್ಯೂಟೆಬಲ್ (ಒಟ್ಟು ಎಷ್ಟು ಅಂತ ಗೊತ್ತಿದೆ ಅನ್ನುವ ಗುರುತು) ನಿಜವಿದೆಯೇ ನೋಡಿ, ಇಲ್ಲದಿದ್ದರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಲಿಸನರನ್ನು ಸೆಂಡ್ ಕರೆಯುವ ಮುಂಚೆಯೇ ಹಾಕಬೇಕು. ಆಕ್ಸಿಯೋಸ್ ಲೈಬ್ರರಿ ಬಳಸುವುದಾದರೆ ಆನ್‌ಅಪ್‌ಲೋಡ್‌ಪ್ರೋಗ್ರೆಸ್ ಅಂತ ಇದೆ. ಬ್ರೌಸರಿನಲ್ಲಿ ಅದೂ ಒಳಗೆ ಎಕ್ಸ್‌ಎಚ್‌ಆರ್ ಮೇಲೆಯೇ ನಡೆಯುತ್ತದೆ.

ಹುನಗುಂದ_ಹುಡುಗ · ಮಂಗಳವಾರ ಮುಂಜಾನೆ 8:15

ಥ್ಯಾಂಕ್ಸ್ ಸರ್. ರಾತ್ರೀನ ಆಕ್ಸಿಯೋಸ್ ಹಾಕಿದೆ. ಲ್ಯಾಪ್‌ಟಾಪಿನ್ಯಾಗ ಬಾರ್ ಛಂದ ಓಡತೈತಿ. ಎರಡು ಹೊಸ ಸಮಸ್ಯೆ ಬಂದಾವ್ರಿ. ಸರ್ವರಿಗೆ ಹಾಕಿದ ಮ್ಯಾಲ ಕನ್ಸೋಲಿನ್ಯಾಗ ಆಪ್ಶನ್ಸ್ ರಿಕ್ವೆಸ್ಟ್ ಕೆಂಪಗ ಕಾಣತೈತಿ, ಅಪ್‌ಲೋಡ್ ಶುರುವಾಗೂದ ಇಲ್ಲ. ಮದ್ಲ ಹಿಂಗ ಆಗತಿರಲಿಲ್ಲ. ಎಪಿಐ (ಫೋಟೋ ತಗೊಳ್ಳೂ ಸರ್ವರಿನ ವಿಳಾಸ) ಬ್ಯಾರೆ ಸಬ್‌ಡೊಮೇನಿನ್ಯಾಗ ಐತಿ.

ಎರಡನೇದು, ಲೋಕಲ್‌ನ್ಯಾಗ ನೋಡೂವಾಗ ಬಾರ್ 100 ಮುಟ್ಟತೈತಿ, ಆಮ್ಯಾಲ ಬಾಳ ಹೊತ್ತು ಅಲ್ಲೇ ನಿಂತಿರತೈತಿ. ನೋಡಿದವರು ‘ಆತು’ ಅಂತ ಪುಟ ಮುಚ್ಚಿಬಿಡತಾರ, ಇಲ್ಲಾ ‘ಕೆಟ್ಟು ಹೋತು’ ಅಂತ ಮತ್ತ ಒತ್ತತಾರ.

ಟಿಳಕವಾಡಿ_ಟರ್ಮಿನಲ್ · ಮಂಗಳವಾರ ಮುಂಜಾನೆ 9:05

ಮೊದಲನೆಯದು ಸುಲಭ. ಅಪ್‌ಲೋಡ್ ಆಬ್ಜೆಕ್ಟಿನ ಮೇಲೆ ಲಿಸನರ್ ಹಾಕಿದ ಕೂಡಲೇ ಬ್ರೌಸರ್ ಅದನ್ನು ಸಾದಾ ರಿಕ್ವೆಸ್ಟ್ ಅಂತ ನೋಡುವುದಿಲ್ಲ. ಬೇರೆ ಒರಿಜಿನ್ (ನಿಮ್ಮಲ್ಲಿ ಬೇರೆ ಸಬ್‌ಡೊಮೇನ್) ಆಗಿದ್ದರೆ ಮೊದಲು ಪ್ರೀಫ್ಲೈಟ್, ಅಂದರೆ ನೀವು ನೋಡಿದ ಆ ಆಪ್ಶನ್ಸ್ ರಿಕ್ವೆಸ್ಟ್, ಕಳಿಸಿ ಅನುಮತಿ ಕೇಳುತ್ತದೆ. ಹೆಡರ್ ಏನೂ ಬದಲಿಸದಿದ್ದರೂ ಇದು ಆಗುತ್ತದೆ. ಬೇರೆ ಒರಿಜಿನ್‌ಗೆ ಅನುಮತಿ ಕೊಡುವ ಎಕ್ಸ್‌ಪ್ರೆಸ್‌ನ ಕಾರ್ಸ್ ಮಿಡಲ್‌ವೇರ್ ಆ ರೂಟಿಗೆ ಆಪ್ಶನ್ಸಿಗೂ ಉತ್ತರ ಕೊಡುವಂತೆ ಇಡಿ, ಇಲ್ಲವೇ ಎಂಜಿನ್‌ಎಕ್ಸ್‌ನಲ್ಲಿ ಎಪಿಐಯನ್ನು ಅದೇ ಡೊಮೇನಿನ ಒಂದು ಹಾದಿಯ ಕೆಳಗೆ ತನ್ನಿ. ಎರಡನೆಯದೇ ನನಗೆ ಇಷ್ಟ. ಪ್ರೀಫ್ಲೈಟ್ ಇಲ್ಲವೆಂದರೆ ನಿಧಾನದ ನೆಟ್‌ವರ್ಕಿನಲ್ಲಿ ಒಂದು ಸುತ್ತು ಉಳಿಯುತ್ತದೆ.

ನಿಮ್ಮ ಎರಡನೆಯ ಸಮಸ್ಯೆಯೇ ಮುಖ್ಯ. ಬಾರ್ ಹೇಳಿದ 100 ಅಂದರೆ ಬ್ರೌಸರ್ ತನ್ನ ಕೈಯಿಂದ ಎಲ್ಲ ಬೈಟ್‌ಗಳನ್ನು ದಾಟಿಸಿತು ಅಂತ ಮಾತ್ರ. ಆಮೇಲೆ ಎಂಜಿನ್‌ಎಕ್ಸ್ ಇಡೀ ಬಾಡಿಯನ್ನು ಹಿಡಿದಿಟ್ಟುಕೊಂಡು ನಂತರ ನೋಡ್‌ಗೆ ಕೊಡುತ್ತದೆ, ನೋಡ್ ಫೋಟೋ ಸಣ್ಣದು ಮಾಡುತ್ತದೆ, ಥಂಬ್‌ನೇಲ್ ತೆಗೆಯುತ್ತದೆ, ಡೇಟಾಬೇಸಿಗೆ ಬರೆಯುತ್ತದೆ. ಈ ಕೆಲಸದ ಲೆಕ್ಕ ನಿಮ್ಮ ಬಾರಿಗೆ ಬಂದೇ ಇಲ್ಲ.

ಹಾಗಾಗಿ ಎರಡು ಹಂತ ಮಾಡಿ. ಮೊದಲನೆಯ ಹಂತದಲ್ಲಿ ನಿಜವಾದ ಅಂಕಿ, ‘ಫೋಟೋ ಹೋಗಾಕತ್ತಾವ’ ಅನ್ನುವ ಸಾಲು. ಬೈಟ್ ಮುಗಿದ ಕೂಡಲೇ ಶೇಕಡಾ ತೆಗೆದು ‘ಫೋಟೋ ಬಂದಾವ, ಪಟ್ಟಿಗೆ ಸೇರಸಾಕತ್ತೀವಿ’ ಅನ್ನಿ. ಎಚ್‌ಟಿಎಂಎಲ್‌ನ ಪ್ರೋಗ್ರೆಸ್ ಎಲಿಮೆಂಟಿನಿಂದ ವ್ಯಾಲ್ಯೂ ತೆಗೆದರೆ ಅದೇ ತಾನಾಗಿ ‘ಎಷ್ಟು ಅಂತ ಗೊತ್ತಿಲ್ಲ, ಕೆಲಸ ನಡೆದಿದೆ’ ಅನ್ನುವ ಅಲುಗಾಡುವ ಬಾರ್ ಆಗುತ್ತದೆ. ಸರ್ವರ್ ಫೋಟೋ ಕೈಗೆ ಬಂದ ತಕ್ಷಣ 202 (‘ತೆಗೆದುಕೊಂಡೆ, ಕೆಲಸ ಬಾಕಿ ಇದೆ’ ಅನ್ನುವ ಉತ್ತರ) ಕೊಟ್ಟು ಒಂದು ಕೆಲಸದ ಸಂಖ್ಯೆ ವಾಪಸ್ ಕಳಿಸಲಿ. ಬ್ರೌಸರ್ ಎರಡು ಸೆಕೆಂಡಿಗೊಮ್ಮೆ ಆ ಸಂಖ್ಯೆ ಹಿಡಿದು ಕೇಳಲಿ. ನಾಲ್ಕರಲ್ಲಿ ಎಷ್ಟು ಫೋಟೋ ತಯಾರಾದವು ಅಂತ ಸರ್ವರಿಗೆ ಖಚಿತವಾಗಿ ಗೊತ್ತಿರುತ್ತದೆ, ಅದನ್ನೇ ತೋರಿಸಿ. ಸರ್ವರೇ ಸುದ್ದಿ ಕಳಿಸುತ್ತಾ ಹೋಗುವ ಸರ್ವರ್‌ಸೆಂಟ್ ಇವೆಂಟ್ಸ್ ಕೂಡ ಬಳಸಬಹುದು, ಆದರೆ ಎಂಜಿನ್‌ಎಕ್ಸ್ ಬಫರಿಂಗ್ (ಹಿಡಿದಿಟ್ಟುಕೊಳ್ಳುವುದು) ನಿಲ್ಲಿಸದಿದ್ದರೆ ಸುದ್ದಿಗಳೆಲ್ಲಾ ಕೊನೆಗೆ ಒಟ್ಟಿಗೆ ಬರುತ್ತವೆ. ನಾಲ್ಕು ಫೋಟೋಕ್ಕೆ ಪೋಲಿಂಗ್ (ಹೀಗೆ ಆಗಾಗ ಕೇಳುವುದು) ಸಾಕು.

ಬಾರಾಕಮಾನ್ · ವಿಜಯಪುರ · ಮಂಗಳವಾರ ಮಧ್ಯಾಹ್ನ 1:30

ನಾ ಸ್ವಲ್ಪ ಬ್ಯಾರೆ ಮಾತು ಹೇಳತೇನ್ರಿ. ಖರೇ ಅಂಕಿ ತೋರಿಸಿದ್ರ ಜನಕ್ಕ ಸಮಾಧಾನ ಆಗತೈತಿ ಅಂತ ಹೇಳಾಕಾಗೂದಿಲ್ಲ. ಸಂಶೋಧಕ ಕ್ರಿಸ್ ಹ್ಯಾರಿಸನ್ ಮತ್ತ ಅವರ ಜೋಡಿಯವರು 2007ರಾಗ ಇದರ ಮ್ಯಾಲ ಪ್ರಯೋಗ ಮಾಡ್ಯಾರ. ಅಷ್ಟ ಹೊತ್ತು ಹಿಡಿಯೂ ಬಾರ್‌ಗಳನ್ನ ಬ್ಯಾರೆ ಬ್ಯಾರೆ ಓಟದಾಗ ತೋರಿಸಿದ್ರು. ಮದ್ಲ ನಿಧಾನ ಹೋಗಿ ಕಡೀಕ ಜೋರಾಗೂ ಬಾರ್ ಜನಕ್ಕ ಲಗೂ ಮುಗದಂಗ ಅನಿಸ್ತು. ಕಡೀಕ ತಡವರಿಸೂ ಬಾರ್ ಬಾಳ ಹೊತ್ತು ಹಿಡದಂಗ ಅನಿಸ್ತು. ಅಂದಮ್ಯಾಲ ನಾವು ಅಂಕಿ ಸ್ವಲ್ಪ ತಿದ್ದಿ, ಮದಲಿಗೆ ಹಿಡದು ಕಡೀಕ ಬಿಟ್ರ ತಪ್ಪೇನು? ಕಾಯೂ ಮಂದಿಗೆ ಕಾಯೂದು ಹಗುರಾದ್ರ ಒಳ್ಳೇದ ಅಲ್ಲೇನ್ರಿ. ದ್ರಾಕ್ಷಿ ವ್ಯಾಪಾರದವರಿಗೆ ಒಂದು ಪ್ಯಾನಲ್ ಮಾಡಿದಾಗ ನಾ ಹಂಗ ಮಾಡೇನಿ, ಯಾರೂ ತಕರಾರು ತಗದಿಲ್ಲ.

ಟಿಳಕವಾಡಿ_ಟರ್ಮಿನಲ್ · ಮಂಗಳವಾರ ಸಂಜೆ 6:50

ಆ ಪ್ರಯೋಗ ನನಗೂ ಗೊತ್ತು, ಅದರ ಮೇಲೆ ಗೌರವವೂ ಇದೆ. ಆದರೆ ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಯಾವುದು ಬೇಗ ಮುಗಿದಂತೆ ಅನಿಸಿತು? ಕುರ್ಚಿಯಲ್ಲಿ ಕೂತು ನೋಡುವವನಿಗೆ ಆ ಪ್ರಶ್ನೆ ಸರಿ. ಇಲ್ಲಿ ಬಾರ್ ನೋಡುವವರು ಒಂದು ತೀರ್ಮಾನ ಮಾಡಬೇಕು. ಇಲ್ಲೇ ನಿಲ್ಲಲೋ, ಫೋನ್ ಹಿಡಿದು ಮಾಳಿಗೆ ಹತ್ತಲೋ, ನಾಳೆ ಮುಂಜಾನೆ ಕಳಿಸಲೋ? ಕೈಯಲ್ಲಿ ಮಗ್ಗದ ಕೆಲಸ ಇದ್ದವರಿಗೆ ಆ ಹೊತ್ತು ಕೂಲಿಯ ಹೊತ್ತು. ಯಾವ ಬಸ್ ಕೇಳಿದರೂ ‘ಈಗ ಬಂತು’ ಅನ್ನುವವನ ಮಾತು ನಂಬಿ ನಿಲ್ದಾಣದಲ್ಲಿ ಕೂತಂತೆ ಆಗಬಾರದು ಅವರ ಪಾಡು.

ಸಂಶೋಧಕ ಬ್ರಾಡ್ ಮೈಯರ್ಸ್ 1985ರಲ್ಲೇ ‘ಎಷ್ಟು ಮುಗಿದಿದೆ’ ಎಂದು ತೋರಿಸುವ ಸೂಚಕ ಜನರಿಗೆ ಬೇಕು ಅಂತ ತೋರಿಸಿದ್ದರು. ಬಳಕೆ ಸುಲಭ ಮಾಡುವ ವಿಷಯದ ತಜ್ಞ ಯಾಕೊಬ್ ನೀಲ್ಸನ್ 1993ರಲ್ಲಿ ಬರೆದ ಮಿತಿಗಳು ಇಂದಿಗೂ ಕೆಲಸಕ್ಕೆ ಬರುತ್ತವೆ: 0.1 ಸೆಕೆಂಡಿನೊಳಗೆ ಆದರೆ ತಕ್ಷಣ ಆದಂತೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಆ 10 ದಾಟಿದ ಮೇಲೆ ಬಾರ್ ಸುಳ್ಳು ಹೇಳಿದರೆ ವಾಪಸ್ ಬಂದು ನೋಡಿದವರಿಗೆ ಏನೂ ತಿಳಿಯುವುದಿಲ್ಲ. ನಿಂತಿದ್ದರೆ ನಿಂತಂತೆಯೇ ಕಾಣಬೇಕು. ಕೆಲವು ಸೆಕೆಂಡ್ ಒಂದು ಬೈಟೂ ಹೋಗದಿದ್ದರೆ ‘ನೆಟ್‌ವರ್ಕ್ ಇಲ್ಲ, ಬಂದ ಕೂಡಲೇ ಮುಂದೆ ಹೋಗತೈತಿ’ ಅಂತ ಬರೆಯಬೇಕು. ಈ ಸಾಲನ್ನು ತಿದ್ದಿದ ಬಾರ್ ಎಂದೂ ಬರೆಯಲಾರದು.

ಬಾರಾಕಮಾನ್ · ಮಂಗಳವಾರ ರಾತ್ರಿ 8:10

ಮಗ್ಗದ ಮನಿ ಮಾತು ಒಪ್ಪಿದೆ ಸರ್. ಪುಟ ಬದಲಾಗೂವಾಗಿನ ಬಾರ್‌ಗೆ ನನ್ನ ಮಾತು ಇಟ್ಟುಕೋರಿ, ಅಪ್‌ಲೋಡಿಗೆ ನಿಮ್ಮ ಮಾತು. ಒಂದ ಸೇರಸತೇನಿ: ಖರೇ ಅಂಕಿ ಒಮ್ಮೊಮ್ಮೆ 12ರಿಂದ 31ಕ್ಕ ಜಿಗೀತೈತಿ. ಎರಡು ಖರೇ ಅಂಕಿ ನಡುವಿನ ಓಟ ನುಣುಪು ಮಾಡ್ರಿ, ಸಿಎಸ್‌ಎಸ್ ಟ್ರಾನ್ಸಿಶನ್ 200 ಮಿಲಿಸೆಕೆಂಡ್ ಸಾಕು. ಅಗಲ ಬದಲಿಸೂದರ ಬದಲು ಟ್ರಾನ್ಸ್‌ಫಾರ್ಮ್‌ನ ಸ್ಕೇಲ್‌ಎಕ್ಸ್ ಬಳಸ್ರಿ. ಅಗಲ ಬದಲಿಸಿದ್ರ ಬ್ರೌಸರ್ ಪ್ರತಿ ಸಲ ಲೇಔಟ್ ಮತ್ತ ಲೆಕ್ಕಾ ಹಾಕತೈತಿ, ಸೋವಿ ಫೋನಿನ್ಯಾಗ ಅದು ಕಣ್ಣಿಗೆ ಕಾಣತೈತಿ.

ಸೆರಗಿನ_ದಾರ · ಬಾಗಲಕೋಟ ಜಿಲ್ಲಾ · ಮಂಗಳವಾರ ರಾತ್ರಿ 9:30

ನಾ ಕೋಡ್ ಬರಿಯೂದಿಲ್ಲ, ನಮ್ಮ ಅವ್ವ ಅಪ್ಪ ನೇಯ್ತಾರ. ಹುನಗುಂದದ ಅಣ್ಣಾರ ಆ್ಯಪ್ ನಮ್ಮ ಮನ್ಯಾಗೂ ಐತಿ, ಅದಕ್ಕ ಹೇಳಾಕತ್ತೀನಿ.

ಅವ್ವ ಶೇಕಡಾ ನೋಡೂದಿಲ್ರಿ. ಅಕಿ ನೋಡೂದು ಫೋಟೋ. ಯಾವ ಫೋಟೋ ಹೋತು, ಯಾವುದು ಉಳೀತು, ಅಷ್ಟ. ನಿನ್ನೆ ಕುಂತು ನೋಡಿದೆ: ಕುಣಿಮಗ್ಗದ ಬಾಜೂಕ ಫೋನ್ ಗ್ವಾಡಿಗೆ ಆನಿಸಿ ಇಟ್ಟಿದ್ಲು, ಎರಡೂ ಕೈ ಕೆಲಸದಾಗ, ನಾಕು ಸಾಲು ನೇಯ್ದು ಒಮ್ಮೆ ಫೋನಿನ ಕಡೆ ನೋಡೂದು. ಅಷ್ಟು ದೂರದಿಂದ ಸಣ್ಣ ಅಂಕಿ ಕಾಣೂದಿಲ್ಲ. ನಾಕೂ ಫೋಟೋ ಸಾಲಾಗಿ ಇಟ್ಟು, ಹೋದದ್ದಕ್ಕ ದೊಡ್ಡ ಹಸಿರು ರೈಟ್ ಹಾಕಿದ್ರ ಅಕಿಗೆ ತಿಳೀತೈತಿ.

ಇನ್ನೊಂದು. ಸೀರಿ ಮೈ ನೂಲು ಬ್ಯಾರೆ, ಸೆರಗಿನ ರೇಷ್ಮಿ ನೂಲು ಬ್ಯಾರೆ. ಅವೆರಡನ್ನೂ ಕೊಂಡಿ ಹಾಕಿ ಕೂಡಿಸೂವಾಗ ಎಳಿ ಎಳಿ ಹಿಡೀಬೇಕು, ನಡುವ ಎದ್ದು ಫೋನ್ ಮುಟ್ಟಾಕ ಆಗೂದಿಲ್ಲ. ಅಷ್ಟೊತ್ತಿಗೆ ಪರದೆ ಆರಿರತೈತಿ. ತಿರಗಿ ಹಚ್ಚಿ ನೋಡಿದ್ರ ಅಪ್‌ಲೋಡ್ ಹೋಗಿರತೈತಿ ಒಮ್ಮೊಮ್ಮೆ, ಒಮ್ಮೊಮ್ಮೆ ಮದಲಿಂದ ಶುರು. ಇದಕ್ಕೇನರ ಮಾಡ್ರಿ ಅಣ್ಣಾರ.

ಹುನಗುಂದ_ಹುಡುಗ · ಮಂಗಳವಾರ ರಾತ್ರಿ 9:48

ಅಕ್ಕಾರ, ಇಷ್ಟು ಬಿಡಿಸಿ ಹೇಳಿದ್ದು ಬಾಳ ಉಪಕಾರ ಆತು. ನಾಕು ಫೋಟೋ ಒಂದ ರಿಕ್ವೆಸ್ಟಿನ್ಯಾಗ ಕಳಿಸೂದು ಬಿಟ್ಟು ಒಂದೊಂದ ಕಳಿಸ್ತೇನಿ. ಹಂಗಾದ್ರ ಒಂದೊಂದಕ್ಕೂ ಸ್ವಂತ ಬಾರ್, ಹೋದಮ್ಯಾಲ ರೈಟ್. ನಡುವ ಕಡದ್ರ ಹೋದ ಫೋಟೋ ಮತ್ತ ಕಳಿಸೂ ಕೆಲಸ ಇಲ್ಲ. ಪರದೆ ಆರೂದಕ್ಕ ಏನು ಮಾಡೂದ್ರಿ?

ಟಿಳಕವಾಡಿ_ಟರ್ಮಿನಲ್ · ಮಂಗಳವಾರ ರಾತ್ರಿ 10:30

ಪರದೆ ಆರದಂತೆ ಹಿಡಿಯಲು ಬ್ರೌಸರಿನಲ್ಲಿ ಸ್ಕ್ರೀನ್ ವೇಕ್ ಲಾಕ್ ಎಪಿಐ ಇದೆ. ಅಪ್‌ಲೋಡ್ ಶುರುವಾದಾಗ ಕೇಳಿಕೊಳ್ಳಿ, ಮುಗಿದ ಕೂಡಲೇ ಬಿಟ್ಟುಬಿಡಿ, ಬ್ಯಾಟರಿ ಅವರದು. ಎಚ್‌ಟಿಟಿಪಿಎಸ್ ಬೇಕೇ ಬೇಕು. ಬೇರೆ ಆ್ಯಪಿಗೆ ಹೋದರೆ ಲಾಕ್ ತಾನಾಗಿ ಬಿಡುತ್ತದೆ, ವಾಪಸ್ ಬಂದಾಗ ಮತ್ತೆ ಕೇಳಬೇಕು. ಹಳೆಯ ಬ್ರೌಸರ್‌ನಲ್ಲಿ ಇಲ್ಲದಿದ್ದರೂ ಆ್ಯಪ್ ಕೆಡದಂತೆ ಬರೆಯಿರಿ.

ಇನ್ನು ಮೂರು ಸಲ ಬರುವ ಸೀರೆಯ ಮಾತು. ಬಾರ್ ಹಾಕಿದರೆ ಜನ ಮತ್ತೆ ಒತ್ತುವುದು ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಸರ್ವರ್ ಸೀರೆಯನ್ನು ಬರೆದುಕೊಂಡಿತು, ‘ಆಯಿತು’ ಅನ್ನುವ ಉತ್ತರ ಬರುವಾಗ ನೆಟ್‌ವರ್ಕ್ ಕಡಿಯಿತು ಅಂದುಕೊಳ್ಳಿ. ಫೋನಿಗೆ ಅದು ಸೋತಂತೆಯೇ ಕಾಣುತ್ತದೆ, ಮತ್ತೆ ಕಳಿಸುತ್ತದೆ, ಎರಡು ಸೀರೆ ಆಗುತ್ತವೆ. ಬಟನ್ ನಿಷ್ಕ್ರಿಯ ಮಾಡಿದರೂ ಇದು ತಪ್ಪುವುದಿಲ್ಲ. ಫಾರ್ಮ್ ತೆರೆದಾಗಲೇ ಬ್ರೌಸರಿನ ಕ್ರಿಪ್ಟೋದ ರ‍್ಯಾಂಡಮ್‌ಯುಯುಐಡಿಯಿಂದ ಒಂದು ಗುರುತು ಹುಟ್ಟಿಸಿ, ಪ್ರತಿ ಪ್ರಯತ್ನದ ಜೊತೆಗೂ ಅದನ್ನೇ ಕಳಿಸಿ. ಡೇಟಾಬೇಸಿನಲ್ಲಿ ಆ ಕಾಲಮಿಗೆ, ಒಂದೇ ಗುರುತು ಎರಡು ಸಲ ಸೇರದಂತೆ, ಯುನೀಕ್ ಇಂಡೆಕ್ಸ್ ಹಾಕಿ. ಅದೇ ಗುರುತು ಎರಡನೇ ಸಲ ಬಂದರೆ ಹೊಸ ಸೀರೆ ಸೇರಿಸದೆ ಹಳೆಯದರ ಉತ್ತರವನ್ನೇ ಕೊಡಿ. ಬಾರಿಗಿಂತ ಮೊದಲು ಇದನ್ನು ಮಾಡಿ. ನೇಕಾರರ ಮಾತು ಉಳಿಯುವುದು ಇದರಿಂದ.

ಮಲಪ್ರಭಾ_ತೀರ · ಬೆಳಗಾವಿ ಜಿಲ್ಲಾ · ಬುಧವಾರ ಮುಂಜಾನೆ 7:20

ಎಲ್ಲಾರೂ ಬಾರ್ ಬಗ್ಗೆ ಮಾತಾಡಾಕತ್ತೀರಿ, ಕಾಯೂ ಹೊತ್ತ ಕಡಿಮಿ ಮಾಡೂ ಮಾತೂ ಆಡೂಣ್ರಿ. 4-5 ಎಂಬಿ ಫೋಟೋ ಯಾಕ ಕಳಿಸಬೇಕು? ಫೋನಿನ್ಯಾಗ ಕ್ಯಾನ್ವಾಸ್ ಮ್ಯಾಲ ಬಿಡಿಸಿ, ಉದ್ದನ ಅಂಚು 1600 ಪಿಕ್ಸೆಲ್ ಮಾಡಿ, ಟುಬ್ಲಾಬ್‌ನಿಂದ ಜೆಪೆಗ್ ಗುಣಮಟ್ಟ 0.8 ಇಟ್ಟು ತಗದ್ರ ಕೆಲವು ನೂರು ಕೆಬಿಗೆ ಇಳೀತೈತಿ. ಮೈ ಮತ್ತ ಮಡಚಿದ ಸೀರಿಗೆ ಅಷ್ಟ ಸಾಕು. ದಡಿ ಮತ್ತ ಸೆರಗಿನ ಫೋಟೋ ಮಾತ್ರ ಸ್ವಲ್ಪ ದೊಡ್ಡದ ಇರಲಿ. ಸೆರಗಿನ ತೋಪು ತೆನಿ ಚಿತ್ತಾರ ಸ್ಪಷ್ಟ ಕಾಣದಿದ್ರ ಕೈಮಗ್ಗದ್ದೋ ಅಲ್ಲೋ ಅಂತ ಗಿರಾಕಿ ಅನುಮಾನ ಪಡತಾನ.

ಇದರಾಗ ಒಂದು ಲಾಭ ಐತಿ. ಕ್ಯಾನ್ವಾಸಿನಿಂದ ಹೊರಬಂದ ಫೋಟೋದಾಗ ಎಕ್ಸಿಫ್ ಮಾಹಿತಿ (ಫೋನ್ ಫೋಟೋದಾಗ ಸೇರಸೂ ದಿನ, ಜಾಗದಂಥಾ ವಿವರ) ಉಳಿಯೂದಿಲ್ಲ. ಫೋನಿನ್ಯಾಗ ಲೊಕೇಶನ್ ಚಾಲೂ ಇದ್ರ ಮನಿ ಇರೂ ಜಾಗ ಫೋಟೋದ ಜೋಡಿ ಹೋಗತಿರತೈತಿ, ಅದು ತಪ್ಪತೈತಿ.

ಒಂದ ಎಚ್ಚರ. ಈ ಕೆಲಸ ಪುಟ ನಡಸೂ ಮೇನ್ ಥ್ರೆಡ್ಡಿನ್ಯಾಗ ಮಾಡಿದ್ರ ಸೋವಿ ಫೋನಿನ್ಯಾಗ ಪರದೆ ಗಟ್ಟಿ ಹಿಡಕೊಂಡಂಗ ಆಗತೈತಿ, ಬಾರ್ ಅಲುಗೂದ ಇಲ್ಲ. ಹಿಂದ ಬ್ಯಾರೆ ನಡಿಯೂ ವೆಬ್ ವರ್ಕರ್‌ನ್ಯಾಗ ಆಫ್‌ಸ್ಕ್ರೀನ್ ಕ್ಯಾನ್ವಾಸ್ ಬಳಸ್ರಿ, ಇಲ್ಲಾ ಒಂದೊಂದ ಫೋಟೋ ಮಾಡಿ ನಡುವ ಬ್ರೌಸರಿಗೆ ಉಸಿರಾಡಾಕ ಬಿಡ್ರಿ.

ಕುಂದಾನಗರಿ_ಕೋಡರ್ · ಬುಧವಾರ ಮುಂಜಾನೆ 10:05

ಹಂಗಾರ ಟಸ್ ಪ್ರೋಟೋಕಾಲ್ ಹಾಕಿ ತುಣುಕು ಮಾಡಿ ಕಳಿಸೂದು, ಕಡದಲ್ಲಿಂದ ಮುಂದುವರಿಸೂದು, ಅದೂ ಬೇಕೇನು?

ಟಿಳಕವಾಡಿ_ಟರ್ಮಿನಲ್ · ಬುಧವಾರ ಮುಂಜಾನೆ 10:20

ಕೆಲವು ನೂರು ಕೆಬಿಗೆ ಬೇಡ. ಮುಂದೆ ಸೀರೆಯ ವಿಡಿಯೋ ಸೇರಿಸಿದರೆ ಬೇಕು. ಆಗ ಬಾರ್ ಮುಂದುವರಿಯುವುದು ಸರ್ವರ್ ‘ಇಲ್ಲಿವರೆಗೆ ಬಂದಿದೆ’ ಅಂತ ಒಪ್ಪಿಕೊಂಡ ಜಾಗದಿಂದ, ಫೋನ್ ನೆನಪಿಟ್ಟುಕೊಂಡ ಜಾಗದಿಂದ ಅಲ್ಲ.

ಒತ್ತಕ್ಷರ · ವಿಜಯಪುರ · ಬುಧವಾರ ಮಧ್ಯಾಹ್ನ 2:45

ಕನ್ನಡದ ಬಾರ್‌ಗಳಲ್ಲಿ ನಾನು ಪದೇ ಪದೇ ನೋಡುವ ಒಂದು ತೊಂದರೆ ಹೇಳುತ್ತೇನೆ. ಬಾರಿನ ಒಳಗೇ ಪಠ್ಯ ಬರೆಯುತ್ತಾರೆ, ಲೈನ್ ಹೈಟ್ 1 ಇಟ್ಟು ಓವರ್‌ಫ್ಲೋ ಮರೆಮಾಡುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕಾಗುತ್ತದೆ. ‘ಸಿದ್ಧವಾಗುತ್ತಿದೆ’ ಅಂತ ಬರೆದು ನೋಡಿ: ಕೆಳಗಿನ ಒತ್ತುಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ, ಮೇಲಿನ ಗುಡಿಸೂ ಮುಟ್ಟುತ್ತದೆ. ಓದು ಕಲಿತು ಬಹಳ ವರ್ಷವಾದವರಿಗೆ ಆ ಸಾಲು ಓದಲಿಕ್ಕೇ ಬರುವುದಿಲ್ಲ. ಬಾರ್ ಬೇರೆ, ಪಠ್ಯ ಅದರ ಕೆಳಗೆ, ಲೈನ್ ಹೈಟ್ 1.6ರ ಸುತ್ತ ಇಡಿ.

ಕಣ್ಣು ಕಾಣದವರಿಗೂ ಬಾರ್ ಕೇಳಿಸಬೇಕು. ಪ್ರೋಗ್ರೆಸ್ ಎಲಿಮೆಂಟ್ ಬಳಸಿದರೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರಿಗೆ ತಾನಾಗಿ ಗೊತ್ತಾಗುತ್ತದೆ. ಬರೀ ಡಿವ್ ಆದರೆ ಪ್ರೋಗ್ರೆಸ್‌ಬಾರ್ ರೋಲ್ ಕೊಟ್ಟು ಏರಿಯಾ ವ್ಯಾಲ್ಯೂನೌ (aria-valuenow, ಈಗಿನ ಅಂಕಿ) ತುಂಬಬೇಕು. ಪ್ರತಿ ಅಂಕಿಯನ್ನೂ, ಬದಲಾದ ಕೂಡಲೇ ಓದಿಸುವ ಲೈವ್ ರೀಜನ್ನಿನಲ್ಲಿ ಹಾಕಬೇಡಿ. ಟಾಕ್‌ಬ್ಯಾಕ್ (ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್) ಒಂದೊಂದೇ ಅಂಕಿ ಓದುತ್ತಾ ಹೋದರೆ ಕೇಳುವವರಿಗೆ ಬೇರೆ ಏನೂ ಕೇಳಿಸುವುದಿಲ್ಲ. ‘ಒಂದು ಫೋಟೋ ಹೋಯಿತು, ಮೂರು ಉಳಿದಿವೆ’ ಅಷ್ಟು ಓದಲಿ. ಹಸಿರು ಬಣ್ಣದ ಜೊತೆ ರೈಟ್ ಗುರುತೂ ಇರಲಿ, ಬಣ್ಣ ಗುರುತಿಸಲಾಗದವರು ಇದ್ದಾರೆ. ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಇಟ್ಟವರಿಗೆ ಅಲುಗಾಡುವ ಬಾರ್ ಬೇಡ, ಸಾಲು ಸಾಕು.

ಹುನಗುಂದ_ಹುಡುಗ · ಶನಿವಾರ ಸಂಜೆ 7:10

ಎಲ್ಲಾ ಹಾಕಿದೆ. ಮದ್ಲ ಗುರುತು ಮತ್ತ ಯುನೀಕ್ ಇಂಡೆಕ್ಸ್, ಆಮ್ಯಾಲ ಫೋಟೋ ಸಣ್ಣದು ಮಾಡೂದು, ಆಮ್ಯಾಲ ಒಂದೊಂದ ಫೋಟೋಕ್ಕ ಬಾರ್ ಮತ್ತ ರೈಟ್. ಎಪಿಐ ಅದ ಡೊಮೇನಿಗೆ ತಂದೆ, ಆಪ್ಶನ್ಸ್ ತಕರಾರು ಹೋತು. ಪಟ್ಟ್ಯಾಗ ಜೋಡಿ ಸೀರಿ ಈಗ ಬಂದಿಲ್ಲ.

ಒಂದ ಉಳದೈತಿ. ಒಬ್ಬರದು ಸೆರಗಿನ ಫೋಟೋ ಬಾರ್ ಓಡಿ ಓಡಿ 413 (ಕಳಿಸಿದ್ದು ಬಾಳ ದೊಡ್ಡದು) ಅಂತ ಸೋತಿತು. ಸೋತಾಗ ಬಾರ್ ಏನು ಮಾಡಬೇಕ್ರಿ? ಸೊನ್ನಿಗೆ ಬರಬೇಕೋ, ಅಲ್ಲೇ ನಿಲ್ಲಬೇಕೋ?

ಟಿಳಕವಾಡಿ_ಟರ್ಮಿನಲ್ · ಶನಿವಾರ ರಾತ್ರಿ 8:00

413 ಎಂಜಿನ್‌ಎಕ್ಸ್‌ನದು. ಎಷ್ಟು ದೊಡ್ಡದನ್ನು ಒಪ್ಪಬೇಕು ಅನ್ನುವ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಹೇಳದಿದ್ದರೆ ಅದು 1 ಎಂಬಿ. ಮೊದಲು ಎಲ್ಲೋ ಒಂದು ಕಡೆ ಹೆಚ್ಚಿಸಿರುತ್ತೀರಿ, ಎಪಿಐ ಹಾದಿ ಬದಲಿಸಿದಾಗ ಹೊಸ ಬ್ಲಾಕಿಗೆ ಆ ಸಾಲು ಬಂದಿರಲಿಕ್ಕಿಲ್ಲ. 8 ಎಂಬಿ ಇಡಿ.

ಬಾರ್ ಸೊನ್ನೆಗೆ ಬರಬಾರದು, ನೋಡುವವರು ತಾನೇ ಮತ್ತೆ ಶುರುವಾಯಿತು ಅಂದುಕೊಳ್ಳುತ್ತಾರೆ. ನಿಂತ ಜಾಗದಲ್ಲೇ ಬಣ್ಣ ಬದಲಾಗಲಿ, ಆ ಒಂದು ಫೋಟೋದ ಕೆಳಗೆ ಮಾತ್ರ ‘ಇದು ಹೋಗಲಿಲ್ಲ, ಮತ್ತ ಕಳಿಸ್ರಿ’ ಅನ್ನುವ ದೊಡ್ಡ ಬಟನ್ ಬರಲಿ. ಉಳಿದ ಮೂರರ ರೈಟ್ ಹಾಗೇ ಇರಲಿ. ಮತ್ತೆ ಕಳಿಸಿದರೆ ಸಾಲುವ ಸೋಲೋ, ಸಾಲದ ಸೋಲೋ ಅಂತ ಬೇರೆ ಮಾಡಿ: ನೆಟ್‌ವರ್ಕ್ ಕಡಿದಿದ್ದರೆ ನೀವೇ ಸ್ವಲ್ಪ ತಡೆದು ಕಳಿಸಿ. 413 ಬಂದರೆ ಎಷ್ಟು ಸಲ ಕಳಿಸಿದರೂ ಅದೇ ಉತ್ತರ, ಆ ಸುದ್ದಿ ನಿಮಗೆ ಬರಲಿ, ಅವರ ಡೇಟಾ ಖರ್ಚಾಗುವುದು ಬೇಡ.

ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡಿ, ಅರ್ಧಕ್ಕೆ ಆಫ್‌ಲೈನ್ ಮಾಡಿಯೂ ನೋಡಿ. ಆಮೇಲೆ ಒಂದು ಹಳೆಯ ಫೋನ್ ಹಿಡಿದು ಸಂಜೆ ಹೊತ್ತಿಗೆ ಅಲ್ಲೇ ಮಗ್ಗದ ಮನೆಯಲ್ಲಿ ಕೂತು ಕಳಿಸಿ ನೋಡಿ.

ಸೆರಗಿನ_ದಾರ · ಶನಿವಾರ ರಾತ್ರಿ 8:25

ನಮ್ಮ ಮನಿಗೆ ಬರ್ರಿ ಅಣ್ಣಾರ. ಅವ್ವನ ಹಳೇ ಫೋನ್ ಐತಿ, ಮುಂದಿನ ವಾರ ಎರಡು ಸೀರಿ ಇಳೀತಾವು. ಬರೂ ಮದ್ಲ ಒಂದು ಮಾತು ಹೇಳಿ ಬರ್ರಿ.